ಹದಿನೇಳು ಖಾಲಿ ಚೌಕಗಳು

ಜೂನ್ 4

ಪ್ರೀತಿಯ ಪಂಡಿತೆಗೆ,

ನಿನ್ನ ಪ್ರಶ್ನಾವಳಿ ನಿನ್ನೆ ನಮ್ಮ ಆಫೀಸಿಗೆ ಬಂತು. ಬಂತು ಅನ್ನುವುದಕ್ಕಿಂತ ದಂಡೆತ್ತಿ ಬಂತು ಅನ್ನಬೇಕು. ಮೂವತ್ತೊಂದು ಪ್ರತಿ, ಒಂದೊಂದಕ್ಕೂ ಒಂದೊಂದು ಲಕೋಟೆ. ಸಂಪಾದಕರು ಖುದ್ದಾಗಿ ಮೇಜಿನಿಂದ ಮೇಜಿಗೆ ಬಂದು ಹಂಚಿದರು. ಹನ್ನೊಂದು ವರ್ಷದಲ್ಲಿ ಅವರು ನನಗೆ ಕೈಯಾರೆ ಕೊಟ್ಟ ಕಾಗದ ಎರಡೇ. ನೇಮಕದ ಆದೇಶ ಒಂದು, ನನ್ನ ತಂಗಿಯ ಪ್ರಶ್ನಾವಳಿ ಇನ್ನೊಂದು.

ದಿನಕ್ಕೆ ಎಷ್ಟು ಹೊತ್ತು ಇಂಟರ್ನೆಟ್ ನೋಡುತ್ತೀರಿ ಎಂದು ಕೇಳಿದ್ದೀಯ. ಎಲ್ಲರೂ ‘ಅರ್ಧ ಗಂಟೆ, ಕೆಲಸಕ್ಕೆ ಮಾತ್ರ’ ಎಂದು ಬರೆದರು. ಪಕ್ಕದ ಪರದೆಯಲ್ಲಿ ಕ್ರಿಕೆಟ್ ಓಡುತ್ತಿತ್ತು. ಆಮೇಲೆ ಹದಿನಾಲ್ಕನೇ ಪ್ರಶ್ನೆ ಬಂತು ನೋಡು. ‘ನಿಮ್ಮ ಸಂಸ್ಥೆಯ ಬಗ್ಗೆ ಬರೆಯುವ ಬ್ಲಾಗ್‌ಗಳನ್ನು ಓದುತ್ತೀರಾ? ನೀವೇ ಬ್ಲಾಗ್ ಬರೆಯುತ್ತೀರಾ?’ ಕೈಗೆಟುಕುವಷ್ಟು ಹತ್ತಿರ ಕೂರುವವರು ಕಾಗದಕ್ಕೆ ಕೈ ಅಡ್ಡ ಇಟ್ಟುಕೊಂಡು ಬರೆದರು, ಪರೀಕ್ಷೆಯಲ್ಲಿ ಮಕ್ಕಳು ಬರೆಯುವ ಹಾಗೆ.

ನಿನಗೆ ಗೊತ್ತಲ್ಲ, ‘ಬುಟ್ಟಿ’ ಅಂತ ಒಂದು ಬ್ಲಾಗ್ ಇದೆ. ನಮ್ಮ ಪತ್ರಿಕೆಯಲ್ಲಿ ಅಚ್ಚಾಗಬೇಕಿದ್ದು ಕೊನೇ ಗಳಿಗೆಯಲ್ಲಿ ಕೈಬಿಟ್ಟ ಸುದ್ದಿಗಳನ್ನು ಅದರಲ್ಲಿ ಯಾರೋ ಹಾಕುತ್ತಾರೆ. ಯಾವ ಪುಟಕ್ಕೆ ಹೋಗಬೇಕಿತ್ತು, ಎಷ್ಟು ಗಂಟೆಗೆ ತೆಗೆದರು, ಎಲ್ಲ ಲೆಕ್ಕ ಸಮೇತ. ಹೊಸ ಸೇತುವೆಯ ಬಿರುಕಿನ ಸುದ್ದಿ ಅದರಲ್ಲಿ ಬಂದ ಮೇಲೆ ಮಾಲೀಕರು ಕೆಂಡವಾಗಿದ್ದಾರೆ. ಬರೆಯುವವರು ಒಳಗಿನವರೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಯಾರು ಎಂಬುದರಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ.

ನಮ್ಮ ಕತ್ತರಿ ಮಾಮ ಒಬ್ಬರೇ ಆರಾಮಾಗಿದ್ದರು. ‘ಬ್ಲಾಗ್ ಅಂದ್ರೆ ಏನಮ್ಮ, ತಿನ್ನೋದಾ?’ ಎಂದು ನನ್ನನ್ನೇ ಕೇಳಿ, ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ, ಮತ್ತೆ ಹಳೇ ಪೇಪರ್ ಕತ್ತರಿಸಿ ಫೈಲಿಗೆ ಅಂಟಿಸುತ್ತಾ ಕೂತರು. ಅಪ್ಪ ಹೋದ ಮೇಲೆ ನನ್ನನ್ನು ಕೈಹಿಡಿದು ಈ ಆಫೀಸಿಗೆ ಕರೆತಂದದ್ದು ಅವರೇ ಅಲ್ಲವೇ. ನಿನ್ನ ಕ್ಷೇಮವನ್ನೂ ಕೇಳಿದರು.

ಇನ್ನು ಮೇಲೆ ಮೇಲ್, ಮೆಸೇಜ್ ಬೇಡ. ನನ್ನ ಫೋನೂ ಆಫೀಸಿನದೇ. ಇಂಟರ್ನೆಟ್ ಮೇಲೆ ಪಿಎಚ್.ಡಿ. ಮಾಡುವವಳು ಅಂಚೆ ಚೀಟಿಗೆ ಎಂಜಲು ಹಚ್ಚುವುದನ್ನು ನೆನೆಸಿಕೊಂಡೇ ನನಗೆ ನಗು ಬರುತ್ತದೆ. ಆದರೂ ಹಾಗೇ ಮಾಡು.

ನಿನ್ನ ಅಕ್ಕ


ಜೂನ್ 12

ಅಕ್ಕಾ,

ಅಂಚೆ ಚೀಟಿಗೆ ಎಂಜಲಲ್ಲ, ಅಂಟು ಹಚ್ಚಿದ್ದೇನೆ. ಕಾಲ ಬದಲಾಗಿದೆ.

ಫಾರಂಗಳು ತಲುಪಿದವು. ನಿನ್ನ ಪತ್ರ ಓದುವವರೆಗೆ ನಾನು ನೆಮ್ಮದಿಯಾಗಿದ್ದೆ. ಓದಿದ ಮೇಲೆ ಲಕೋಟೆಗಳನ್ನು ಇನ್ನೊಮ್ಮೆ ನೋಡಿದೆ. ಪ್ರತಿಯೊಬ್ಬರೂ ತಾವೇ ಮುಚ್ಚಿ ಅಂಟಿಸಬೇಕು ಎಂದು ಸ್ಪಷ್ಟವಾಗಿ ಬರೆದಿದ್ದೆ. ಮೂವತ್ತೊಂದರ ಪೈಕಿ ಒಂಬತ್ತು ಲಕೋಟೆಗಳ ಬಾಯಿಗೆ ಗಮ್ ಮೇಲೆ ಟೇಪ್ ಇದೆ. ಒಂದೇ ಅಗಲದ ಟೇಪ್, ಒಂದೇ ಥರ ಕತ್ತರಿಸಿದ್ದು. ಒಂಬತ್ತು ಜನಕ್ಕೂ ಒಟ್ಟಿಗೇ ಗಮ್ಮಿನ ಮೇಲೆ ನಂಬಿಕೆ ಹೋಯಿತೇ? ನಿನ್ನದೂ ಅದರಲ್ಲಿತ್ತೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ, ಗೊತ್ತಾಗಬಾರದು. ಫಾರಂ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಬೀರುವಿನ ಬೀಗದ ಕೈ ನನ್ನ ಹತ್ತಿರ ಮಾತ್ರ ಇದೆ. ನಾನು ನೋಡಿದ್ದನ್ನು ಯಾರ ಕಿವಿಗೂ ಹಾಕುವುದಿಲ್ಲ ಎಂದು ಮೂವತ್ತೊಂದು ಜನಕ್ಕೂ ಸಹಿ ಮಾಡಿಕೊಟ್ಟಿದ್ದೇನೆ.

ನನ್ನ ಕೆಲಸ ಏನು ಎಂದು ಅಮ್ಮ ಕೇಳುತ್ತಿದ್ದಳಂತೆ. ಹೇಳು: ಬ್ಲಾಗಿನಲ್ಲಿ ಬಂದದ್ದು ಪತ್ರಿಕೆಯಲ್ಲಿ ಯಾಕೆ ಬರಲಿಲ್ಲ, ಓದುವವರು ಯಾವುದನ್ನು ನಂಬುತ್ತಾರೆ ಎಂದು ನೋಡುವುದು. ಆರನೇ ಅಧ್ಯಾಯ ಪೂರ್ತಿ ‘ಬುಟ್ಟಿ’ಯ ಮೇಲೆ. ಅದರ ಇನ್ನೂರ ಹದಿನಾಲ್ಕು ಬರಹಗಳನ್ನೂ ಆಯಾ ದಿನದ ನಿಮ್ಮ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಕಣ್ಣು ಬಿದ್ದುಹೋಗುತ್ತಿದೆ. ಗೋಡೆ ಮೇಲೆ ಒಂದು ದೊಡ್ಡ ಗ್ರಾಫ್ ಹಾಳೆ ಹಚ್ಚಿದ್ದೇನೆ, ದಿನಕ್ಕೊಂದು ಚೌಕ. ಬರಹ ಬಂದ ದಿನ ಕೆಂಪು ತುಂಬುವುದು, ಬಾರದ ದಿನ ಖಾಲಿ ಬಿಡುವುದು.

ಒಂದು ಮಾತು ಅಕ್ಕಾ. ಬರೆಯುವವರು ಯಾರೇ ಆಗಲಿ, ಚೆನ್ನಾಗಿ ಬರೆಯುತ್ತಾರೆ. ಒಂದು ಸುಳ್ಳಿಲ್ಲ, ಒಂದು ಬೈಗುಳವಿಲ್ಲ. ನೀನು ಅದನ್ನು ಓದುತ್ತೀಯಾ?

ತಂಗಿ


ಜುಲೈ 2

ಪಂಡಿತೆ,

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಗಾಳಿಯೇ ಸರಿಯಿಲ್ಲ.

ಹೊರಗೆ ಹೋಗುವಾಗ ಬ್ಯಾಗ್ ನೋಡುತ್ತಾರೆ. ಪ್ರಿಂಟರ್ ಪಕ್ಕ ಒಂದು ಪುಸ್ತಕ ಇಟ್ಟಿದ್ದಾರೆ, ಎಷ್ಟು ಹಾಳೆ, ಯಾಕೆ ಎಂದು ಬರೆಯಬೇಕು. ನೀರಿನ ಡ್ರಮ್ಮಿನ ಹತ್ತಿರ ಮೊದಲು ಅರ್ಧ ಗಂಟೆ ಹರಟೆ ನಡೆಯುತ್ತಿತ್ತು. ಈಗ ಲೋಟ ತುಂಬಿಸಿಕೊಂಡು ಕಳ್ಳರ ಹಾಗೆ ಜಾಗ ಖಾಲಿ ಮಾಡುತ್ತಾರೆ. ಕ್ರೀಡಾ ಪುಟದವರು ಊಟಕ್ಕೆ ನನ್ನ ಪಕ್ಕ ಕೂರುತ್ತಿದ್ದರಲ್ಲ, ಈ ವಾರ ಅವರಿಗೆ ಕಿಟಕಿ ಪಕ್ಕ ಗಾಳಿ ಬೇಕಂತೆ. ಬೇಕಾದರೆ ಕೂರಲಿ ಬಿಡು.

ಮೊನ್ನೆ ಸಂಪಾದಕರು ಕರೆದಿದ್ದರು.

‘ನಿಮ್ಮ ತಂಗಿ ಓದು ಎಲ್ಲಿಗೆ ಬಂತಮ್ಮ?’ ಅಂದರು.

‘ನಡೀತಾ ಇದೆ ಸರ್.’

‘ಒಳ್ಳೇ ವಿಷಯ ತಗೊಂಡಿದಾಳೆ. ನಮಗೂ ಉಪಯೋಗ ಆಗತ್ತೆ.’

ಅಷ್ಟೇ ಹೇಳಿ ನಕ್ಕರು. ಆ ಮನುಷ್ಯ ನಕ್ಕರೆ ನನಗೆ ಭಯ ಜಾಸ್ತಿ.

ಅದಕ್ಕೇ ಸುಮ್ಮನೆ ಕೇಳುತ್ತೇನೆ, ಸಂಶೋಧನೆಯ ಗಂಧಗಾಳಿ ಇಲ್ಲದವಳು. ಒಂದು ಬ್ಲಾಗನ್ನು ಹಾಗೆ ದಿನ ದಿನವೂ ನೋಡಿದರೆ ಬರೆಯುವವರು ಯಾರು ಎಂದು ಗೊತ್ತಾಗಿಬಿಡುತ್ತದೆಯೇ? ಬರವಣಿಗೆಯಿಂದಲೋ, ಬಂದ ಹೊತ್ತಿನಿಂದಲೋ? ಆ ಗ್ರಾಫ್ ಹಾಳೆ ನೋಡಿದರೆ ಏನಾದರೂ ಕಾಣುತ್ತದೆಯೇ? ಕುತೂಹಲ, ಅಷ್ಟೇ. ಹೇಳಬಾರದ್ದಿದ್ದರೆ ಹೇಳಬೇಡ.

ಓದುತ್ತೀಯಾ ಎಂದು ಕೇಳಿದ್ದೆಯಲ್ಲ. ಓದುತ್ತೇನೆ. ಓದದವರು ಇಲ್ಲಿ ಯಾರಿದ್ದಾರೆ.

ಅಮ್ಮನ ಮಂಡಿನೋವು ಪರವಾಗಿಲ್ಲ. ನನ್ನ ಮಗಳಿಗೆ ಹತ್ತನೇ ಕ್ಲಾಸು ಶುರುವಾಯಿತು. ಮನೆಯಲ್ಲಿ ಗಟ್ಟಿಯಾಗಿ ಉಸಿರಾಡಿದರೂ ‘ಅಮ್ಮಾ, ಡಿಸ್ಟರ್ಬ್’ ಅನ್ನುತ್ತಾಳೆ.

ಅಕ್ಕ


ಜುಲೈ 11

ಅಕ್ಕಾ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ನಾಲ್ಕನೆಯದನ್ನು ಕಣ್ಣು ಮುಚ್ಚಿ ಡಬ್ಬಕ್ಕೆ ಹಾಕಿಬಿಡುತ್ತೇನೆ. ಯಾರಿಗೂ ತೋರಿಸಬೇಡ.

ನಾನು ಒಂದು ಪ್ರಶ್ನೆ ಕೇಳುವುದಿಲ್ಲ. ನೀನೂ ಅದಕ್ಕೆ ಉತ್ತರ ಹೇಳಬೇಡ. ಹೇಳಿದರೆ ಅದನ್ನು ನಾನು ಬರೆದಿಟ್ಟುಕೊಳ್ಳಬೇಕಾಗುತ್ತದೆ, ಇಲ್ಲವೇ ಬಚ್ಚಿಡಬೇಕಾಗುತ್ತದೆ. ಎರಡೂ ನನ್ನಿಂದ ಆಗದು. ಆದರೆ ‘ಸುಮ್ಮನೆ ಕುತೂಹಲ’ ಎಂದು ನೀನು ಬರೆದ ಸಾಲಿನಲ್ಲೇ ನನಗೆ ಎಲ್ಲ ಅರ್ಥವಾಯಿತು. ಚಿಕ್ಕಂದಿನಲ್ಲಿ ನೀನು ಸುಮ್ಮನೆ ಕೇಳಿದ್ದು ಒಂದೂ ನನಗೆ ನೆನಪಿಲ್ಲ.

ಬರವಣಿಗೆಯಿಂದ ಯಾರಿಗೂ ಏನೂ ಸಿಗುವುದಿಲ್ಲ. ಅಷ್ಟು ಜಾಣತನ ಅದರಲ್ಲಿದೆ. ಆದರೆ ಗೋಡೆಯ ಮೇಲಿನ ಹಾಳೆ ಬೇರೆಯೇ ಮಾತಾಡುತ್ತದೆ. ಒಂದೂವರೆ ವರ್ಷದಲ್ಲಿ ಬುಧವಾರ ಒಂದು ಬರಹವೂ ಬಂದಿಲ್ಲ. ನಿನ್ನ ವಾರದ ರಜೆ ಬುಧವಾರ. ಹೋಗಲಿ, ಬುಧವಾರ ಇನ್ನೂ ಎಷ್ಟೋ ಜನಕ್ಕೆ ರಜೆ ಇರಬಹುದು. ಆದರೆ ಫೆಬ್ರುವರಿ ಒಂಬತ್ತರಿಂದ ಇಪ್ಪತ್ತೈದರವರೆಗೆ ಹದಿನೇಳು ಚೌಕ ಸಾಲಾಗಿ ಖಾಲಿ. ಅಷ್ಟು ಉದ್ದದ ಖಾಲಿ ಇನ್ನೆಲ್ಲೂ ಇಲ್ಲ. ಆ ಹದಿನೇಳು ದಿನ ನೀನು ಎಲ್ಲಿದ್ದೆ ಅಕ್ಕಾ? ನನ್ನ ಹಾಸಿಗೆ ಪಕ್ಕ. ನನ್ನ ಹೊಟ್ಟೆಯ ಹೊಲಿಗೆ ಆರುವವರೆಗೂ ನೀನೇ ತಲೆ ಬಾಚಿ, ಬಟ್ಟೆ ಒಗೆದು, ನರ್ಸ್ ಜೊತೆ ಜಗಳವಾಡಿದೆ.

ಇದು ಕಂಡ ದಿನ ನಾನು ಹಾಳೆಯನ್ನು ಗೋಡೆಯಿಂದ ಕಿತ್ತು ಸುರುಳಿ ಸುತ್ತಿ ಬೀರುವಿಗೆ ಹಾಕಿ ಬೀಗ ಹಾಕಿದೆ. ಗೈಡ್ ಮೇಡಂಗೂ ತೋರಿಸಿಲ್ಲ. ಆದರೆ ಬರಹಗಳ ಮೇಲೆ ತಾರೀಖು ಎಲ್ಲರಿಗೂ ಕಾಣುವಂತೆಯೇ ಇದೆಯಲ್ಲ. ನಿಮ್ಮ ಸಂಪಾದಕರು ಒಂದು ದಿನ ಸಾವಧಾನವಾಗಿ ಕೂತು ರಜೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡರೆ ಕೆಲಸ ಮುಗಿಯಿತು. ಅದಕ್ಕೇ ಹೇಳುತ್ತಿದ್ದೇನೆ. ಇದನ್ನು ಬರೆಯುವವರು ಸ್ವಲ್ಪ ದಿನ ಸುಮ್ಮನಿರಲಿ, ಇಲ್ಲವೇ ಒಂದೆರಡು ಬುಧವಾರ ಏನಾದರೂ ಹಾಕಲಿ.

ಮಾತು ಕೊಟ್ಟವಳು ಮಾತು ಮುರಿದಿದ್ದೇನೆ. ನಿನಗೋಸ್ಕರ ಮುರಿದೆ, ಪಶ್ಚಾತ್ತಾಪವಿಲ್ಲ. ನಿನ್ನ ಬಗ್ಗೆ ಎಷ್ಟು ಹೆಮ್ಮೆಯಾಗುತ್ತಿದೆ ಎಂದೂ ಬರೆಯುವ ಹಾಗಿಲ್ಲ.

ನಿನ್ನ ತಂಗಿ


ಜುಲೈ 20

ಪಂಡಿತೆ,

ಪತ್ರ ಸೇರಿತು. ನನ್ನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಅಮ್ಮ ಚೆನ್ನಾಗಿದ್ದಾಳೆ. ಸ್ವಲ್ಪ ದಿನ ಪತ್ರ ಬರೆಯಬೇಡ, ನಾನೇ ಬರೆಯುತ್ತೇನೆ.

ಅಕ್ಕ


ಆಗಸ್ಟ್ 9

ಅಕ್ಕಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಮೂರು ವಾರವಾಯಿತು.

ಜುಲೈ ಇಪ್ಪತ್ತನಾಲ್ಕರಿಂದ ‘ಬುಟ್ಟಿ’ಯಲ್ಲಿ ಏನೂ ಬಂದಿಲ್ಲ. ಮೊದಲ ವಾರ ಖುಷಿಪಟ್ಟೆ, ನೀನು ನನ್ನ ಮಾತು ಕೇಳಿದೆ ಎಂದು. ಎರಡನೇ ವಾರ ಭಯ ಶುರುವಾಯಿತು. ತಡೆಯಲಾರದೆ ಪಕ್ಕದ ಮನೆಯವರ ನಂಬರಿಗೆ ಫೋನ್ ಮಾಡಿ ಅಮ್ಮನನ್ನು ಕರೆಸಿದೆ. ‘ಅವಳಿಗೇನಾಗಿದೆ? ದಿನಾ ಆಫೀಸಿಗೆ ಹೋಗ್ತಾಳೆ. ಈಗ ಬೇರೆ ರೂಮ್ ಕೊಟ್ಟಿದಾರಂತೆ, ಬಾಗಿಲು ಇರೋದು. ಊಟ ಮಾತ್ರ ಸರಿಯಾಗಿ ಮಾಡ್ತಿಲ್ಲ’ ಅಂದಳು. ನನಗೆ ಜೀವ ಬಂದ ಹಾಗಾಯಿತು.

ನಿನ್ನೆ ಇಲ್ಲಿನ ವಿಚಾರ ಸಂಕಿರಣಕ್ಕೆ ನಿಮ್ಮ ಊರಿನ ಬೇರೊಂದು ಪತ್ರಿಕೆಯ ವರದಿಗಾರ್ತಿ ಬಂದಿದ್ದರು. ಊಟಕ್ಕೆ ಸಾಲಿನಲ್ಲಿ ನಿಂತಾಗ ಅವರೇ ಮಾತು ತೆಗೆದರು. ‘ಬುಟ್ಟಿ’ ಬರೆಯುತ್ತಿದ್ದವರು ಸಿಕ್ಕಿಬಿದ್ದರಂತೆ, ಹಳೇ ಪೇಪರ್ ಕತ್ತರಿಸಿ ಇಡುವ ವಿಭಾಗದ ಹಿರಿಯರೊಬ್ಬರು, ಮೂವತ್ತು ವರ್ಷದ ನೌಕರಿಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಕಳಿಸಿದರಂತೆ. ‘ಕಂಪ್ಯೂಟರ್ ಬರಲ್ಲ ಅಂತ ನಾಟಕ ಆಡ್ಕೊಂಡು ಎಂಥ ಕೆಲಸ ಮಾಡಿದಾರೆ ನೋಡಿ’ ಎಂದು ಅವರು ಮೆಚ್ಚಿಕೊಂಡೇ ಹೇಳಿದರು. ನಾನು ತಟ್ಟೆ ಅಲ್ಲೇ ಇಟ್ಟು ಸಾಲಿನಿಂದ ಹೊರಗೆ ಬಂದೆ.

ಕತ್ತರಿ ಮಾಮ. ನಮ್ಮಿಬ್ಬರನ್ನೂ ಎರಡು ತೊಡೆಯ ಮೇಲೆ ಕೂರಿಸಿಕೊಂಡು ಪೇಪರ್ ಓದಿಸುತ್ತಿದ್ದವರು.

ಒಂದೇ ಒಂದು ಪ್ರಶ್ನೆ. ಈ ಸಲ ಉತ್ತರ ಬೇಕು. ಫೆಬ್ರುವರಿಯ ಆ ಹದಿನೇಳು ದಿನ ಕತ್ತರಿ ಮಾಮ ಎಲ್ಲಿದ್ದರು?

ತಂಗಿ


ಆಗಸ್ಟ್ 21

ಪಂಡಿತೆ,

ಕಣ್ಣಿನ ಆಪರೇಷನ್ನಿಗೆ ಹೋಗಿದ್ದರು. ನಾನು ನಿನ್ನ ಹತ್ತಿರ ಬಂದ ದಿನವೇ ಅವರೂ ರಜೆ ಹಾಕಿದ್ದು. ರಜೆ ಪುಸ್ತಕದ ಆ ಪುಟದಲ್ಲಿ ಉದ್ದಕ್ಕೂ ಗೆರೆ ಎಳೆದಿರುವುದು ಎರಡೇ ಹೆಸರಿನ ಮುಂದೆ. ನನ್ನದು, ಅವರದು. ಅವರ ವಿಭಾಗಕ್ಕೂ ಬುಧವಾರ ರಜೆ. ಕೈಬಿಟ್ಟ ಸುದ್ದಿಗಳನ್ನೂ ಫೈಲಿಗೆ ಹಾಕಿಡುವುದು ಅವರ ಕೆಲಸ. ಇಷ್ಟೆಲ್ಲ ಕಣ್ಣ ಮುಂದಿದ್ದರೂ ನಿನ್ನ ಪತ್ರ ಬರುವವರೆಗೆ ನನಗೆ ಹೊಳೆದಿರಲಿಲ್ಲ. ನಾನು ‘ಬುಟ್ಟಿ’ ಬರೆಯುತ್ತಿರಲಿಲ್ಲ ಕಣೇ. ನನಗೆ ಅಷ್ಟು ಧೈರ್ಯ ಯಾವತ್ತೂ ಇರಲಿಲ್ಲ. ನೀನು ಹೆಮ್ಮೆ ಅಂತ ಬರೆದ ಸಾಲನ್ನು ಓದಿ ಬಚ್ಚಲುಮನೆಗೆ ಹೋಗಿ ಅತ್ತೆ.

ಎಲ್ಲ ಹೇಳಿಬಿಡುತ್ತೇನೆ. ಸಂಪಾದಕರು ಕರೆದಿದ್ದರು ಎಂದು ಜುಲೈನಲ್ಲಿ ಬರೆದಿದ್ದೆನಲ್ಲ, ಅವರು ನಕ್ಕು ಸುಮ್ಮನಾಗಲಿಲ್ಲ. ಬಾಗಿಲು ಹಾಕಿಸಿದರು. ‘ನಿಮ್ಮ ತಂಗಿಗೆ ನಾವು ಪರ್ಮಿಶನ್ ಕೊಟ್ಟಿದ್ದು ಸುಮ್ನೆ ಅಲ್ಲ. ಬರೀತಿರೋದು ನೀವಾಗಿರಬೇಕು, ಇಲ್ಲ ಯಾರು ಅಂತ ಅವಳಿಗೆ ಗೊತ್ತಿರಬೇಕು. ಜುಲೈ ಕೊನೆ ಒಳಗೆ ಹೆಸರು ತನ್ನಿ, ಇಲ್ಲ ರಾಜೀನಾಮೆ ತನ್ನಿ’ ಅಂದರು. ಅದಾದ ಮೇಲೆ ನಿನಗೆ ಆ ಪತ್ರ ಬರೆದದ್ದು. ಕುತೂಹಲ ಅಂದದ್ದು ಸುಳ್ಳು. ನೀನು ನನ್ನನ್ನು ಉಳಿಸಲು ಬರೆದೆ, ನಾನು ನಿನ್ನ ಬಾಯಿ ಬಿಡಿಸಲು ಬರೆದಿದ್ದೆ.

ಒಂದು ವಾರ ಸುಮ್ಮನಿದ್ದೆ. ಮಗಳ ಓದು, ಅಮ್ಮನ ಔಷಧಿ, ನಲವತ್ತೆರಡನೇ ವಯಸ್ಸಿನಲ್ಲಿ ಎಲ್ಲಿ ಹೋಗಿ ಕೆಲಸ ಕೇಳಲಿ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಆಮೇಲೆ ಹೋಗಿ ಹೇಳಿದೆ. ನಿನ್ನ ಪತ್ರ ತೋರಿಸಲಿಲ್ಲ. ಹೆಸರು ಮಾತ್ರ ಹೇಳಿದೆ. ಅದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಇದಕ್ಕಿಂತ ಕೆಟ್ಟದ್ದು ಕೇಳು. ಕಂಪ್ಯೂಟರ್ ವಿಭಾಗದವರು ಪತ್ತೆ ಹಚ್ಚಿದರು ಎಂದು ಮಾಮನಿಗೆ ಹೇಳಿ ಕಳಿಸಿದರು. ಮಾಮ ಅದನ್ನು ನಂಬಿದರು. ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ತಲೆ ಮೇಲೆ ಕೈಯಿಟ್ಟು, ‘ನಿನಗೆ ಮೊದಲೇ ಗೊತ್ತಿತ್ತು ಅನ್ಸುತ್ತೆ ಮಗಳೇ. ನಿನ್ನ ಮೇಲೇ ಅನುಮಾನ ಪಟ್ರೂ ನೀನು ಬಾಯಿ ಬಿಡಲಿಲ್ಲ. ನಿಮ್ಮಪ್ಪನ ಮಗಳು’ ಅಂದರು. ಒಂದು ಚೀಟಿ ಕೈಗೆ ತುರುಕಿದರು. ‘ಬುಟ್ಟಿ’ಯ ಪಾಸ್‌ವರ್ಡ್. ಇನ್ನು ಮೇಲೆ ನೀನು ನಡೆಸು ಅಂದರು.

ಬಾಗಿಲಿರುವ ರೂಮಿನಲ್ಲಿ ಕೂತಿದ್ದೇನೆ. ಚೀಟಿ ಪರ್ಸಿನಲ್ಲಿದೆ.

ಅಕ್ಕ


ಆಗಸ್ಟ್ 30

ಅಕ್ಕಾ,

ಬೈಯಲು ಕೂತೆ. ಬೈಗುಳ ನಿನಗೆಷ್ಟು ಸಲ್ಲಬೇಕೋ ನನಗೂ ಅಷ್ಟೇ ಸಲ್ಲಬೇಕು. ಆ ಹಾಳೆ ನನ್ನದು. ಗೆರೆ ಎಳೆದದ್ದು ನಾನು, ಕೆಂಪು ತುಂಬಿದ್ದು ನಾನು, ಅದನ್ನು ಓದಿ ಹೇಳಿದ್ದೂ ನಾನು. ಯಾರೂ ನನ್ನ ಬೀರು ಒಡೆಯಲಿಲ್ಲ. ಪ್ರೀತಿಯಿಂದ ನಾನೇ ಬಾಗಿಲು ತೆಗೆದೆ.

ಗೈಡ್ ಮೇಡಂಗೆ ಎಲ್ಲ ಹೇಳಿದೆ. ‘ಆರನೇ ಅಧ್ಯಾಯ ತೆಗೀಬೇಕಾಗತ್ತೆ. ಸಮಿತಿ ಏನನ್ನತ್ತೋ ಗೊತ್ತಿಲ್ಲ’ ಅಂದರು. ಎರಡು ವರ್ಷದ ಕೆಲಸ. ಹೋಗಲಿ, ಅದು ಹೋಗಬೇಕಾದದ್ದೇ.

ನೀನು ಮಾಮನ ಮನೆಗೆ ಹೋಗಿ ನಿಜ ಹೇಳು. ಆ ಚೀಟಿ ವಾಪಸು ಕೊಡು. ಅವರು ಯಾವ ನಂಬಿಕೆಯ ಮೇಲೆ ಅದನ್ನು ಕೊಟ್ಟರೋ ಅದು ನಿನ್ನ ಹತ್ತಿರ ಇಲ್ಲ. ಸೆಪ್ಟೆಂಬರ್ ಹದಿನೈದರೊಳಗೆ ನೀನು ಹೇಳದಿದ್ದರೆ ನಾನು ಬಂದು ಹೇಳುತ್ತೇನೆ.

ತಂಗಿ


ಸೆಪ್ಟೆಂಬರ್ 14

ಪಂಡಿತೆ,

ಇವತ್ತು ಬೆಳಿಗ್ಗೆ ಹೋಗಿದ್ದೆ. ಹೋಗುವ ದಾರಿಯಲ್ಲಿ ಎರಡು ಸಲ ವಾಪಸು ತಿರುಗಿದೆ, ಇದನ್ನೂ ಬರೆಯುತ್ತೇನೆ.

ಮಾಮ ಒಬ್ಬರೇ ಇದ್ದರು. ಮೇಜಿನ ಮೇಲೆ ಮೂರು ಪತ್ರಿಕೆ ಹರಡಿಕೊಂಡು ಕತ್ತರಿ ಹಿಡಿದು ಕೂತಿದ್ದರು. ಯಾರ ಫೈಲಿಗೋ ಏನೋ. ನನ್ನನ್ನು ಕಂಡು ಮುಖ ಅರಳಿತು. ‘ಬಾ ಮಗಳೇ, ಬಾ. ಏನೂ ಹಾಕಿಲ್ವಲ್ಲ ಇನ್ನೂ? ಹೆದರ್ಕೊಂಡ್ಯಾ?’ ಎಂದು ಕಾಫಿ ಮಾಡಲು ಎದ್ದರು. ಕಾಫಿ ಕುಡಿದ ಮೇಲೆ ಹೇಳೋಣ ಎಂದು ಒಂದು ಕ್ಷಣ ಅನ್ನಿಸಿತು. ಅವರು ಒಲೆ ಹಚ್ಚುವ ಮೊದಲೇ ಹೇಳಿಬಿಟ್ಟೆ. ನಿನ್ನ ಹಾಳೆ, ನನ್ನ ಪತ್ರ, ಸಂಪಾದಕರ ರೂಮು, ಎಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಪಾತ್ರೆಯ ನೀರನ್ನು ಚೆಲ್ಲಿ, ಕೈ ಒರೆಸಿಕೊಂಡು ಬಂದು ಕೂತು, ‘ಚೀಟಿ ತಂದಿದೀರಾ?’ ಅಂದರು. ನಾನು ಹುಟ್ಟಿದಾಗಿನಿಂದ ನನ್ನನ್ನು ‘ನೀನು’ ಎಂದೇ ಮಾತಾಡಿಸಿದವರು. ಕೊಟ್ಟೆ.

‘ಬೇರೆ ಎಲ್ಲಾದ್ರೂ ಬರೆದಿಟ್ಕೊಂಡಿದೀರಾ?’

‘ಇಲ್ಲ ಮಾಮ.’

‘ಮನಸಲ್ಲಿ?’

‘ಒಂದು ಸಲವೂ ಬಿಚ್ಚಿ ನೋಡಿಲ್ಲ ಮಾಮ. ದೇವರಾಣೆ.’

ಅವರು ಚೀಟಿಯ ಮಡಿಕೆ ನೋಡಿದರು, ನನ್ನ ಮುಖ ನೋಡಿದರು. ಮೂಲೆಯಲ್ಲಿ ಕಂಪ್ಯೂಟರ್ ಇತ್ತು. ಅದರ ಮುಂದೆ ಕೂತು, ‘ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ಳಿ’ ಅಂದರು. ನಾನು ಗೋಡೆ ಕಡೆ ತಿರುಗಿ ಕೂತೆ. ಹಿಂದಿನಿಂದ ಕೀಲಿಗಳ ಶಬ್ದ ಕೇಳುತ್ತಿತ್ತು, ಒಂದೊಂದಾಗಿ, ನಿಧಾನವಾಗಿ. ಹಳೆಯದನ್ನು ಬದಲಾಯಿಸುತ್ತಿದ್ದರು. ಕಿವಿಯನ್ನೂ ಮುಚ್ಚಿಕೊಳ್ಳಲೇ ಎಂದು ಕೇಳಬೇಕೆನ್ನಿಸಿತು.

ನಿಜವಾಗಿಯೂ ಬಿಚ್ಚಿ ನೋಡಿರಲಿಲ್ಲ ಕಣೇ. ಇಷ್ಟು ದಿನದಲ್ಲಿ ನಾನು ಮಾಡಿದ ಒಂದೇ ಒಂದು ನೆಟ್ಟಗಿನ ಕೆಲಸ ಅದು. ಅವರು ನಂಬಲಿಲ್ಲ. ನೀನಾದರೂ ನಂಬುತ್ತೀಯಾ?

ನಿನ್ನ ಅಕ್ಕ


ಸೆಪ್ಟೆಂಬರ್ 25

ಅಕ್ಕಾ,

ಹೋಗಿ ಹೇಳಿದ್ದಕ್ಕೆ ಒಳ್ಳೆಯದಾಗಲಿ. ಅಷ್ಟನ್ನು ಮಾಡುವುದು ಸುಲಭವಲ್ಲ ಎಂದು ನನಗೆ ಗೊತ್ತು. ಸಮಿತಿ ಇನ್ನೊಂದು ವರ್ಷ ಕಾಲಾವಕಾಶ ಕೊಟ್ಟಿದೆ. ಬೇರೆ ಅಧ್ಯಾಯ ಬರೆಯುತ್ತೇನೆ. ಮೊನ್ನೆ ‘ಬುಟ್ಟಿ’ಯಲ್ಲಿ ಹೊಸ ಬರಹ ಬಂದಿದೆ, ಬುಧವಾರ. ನಾನು ಓದಿದೆ, ಎಲ್ಲೂ ಗುರುತು ಹಾಕಿಕೊಳ್ಳಲಿಲ್ಲ.

ನಂಬುತ್ತೀಯಾ ಎಂದು ಕೇಳಿದ್ದೀಯ. ನಂಬುತ್ತೇನೆ. ನೀನು ನನ್ನ ಅಕ್ಕ, ನಿನ್ನನ್ನು ನಂಬದೆ ನಾನು ಎಲ್ಲಿ ಹೋಗಲಿ.

ಅಮ್ಮನಿಗೆ ನಮಸ್ಕಾರ ಹೇಳು. ಮಗಳು ಚೆನ್ನಾಗಿ ಓದಲಿ. ಮತ್ತೆ, ನಾನು ನಿನಗೆ ಬರೆದ ಪತ್ರಗಳನ್ನೆಲ್ಲ ರಿಜಿಸ್ಟರ್ ಪೋಸ್ಟಿನಲ್ಲಿ ವಾಪಸು ಕಳಿಸು. ಇದೂ ಸೇರಿ ಐದು.

ತಂಗಿ